ಎಸೆದ ಚೊಂಬಿನ ಉಪ್ಪುನೀರು

ಬೆಳಕು ಹರಿಯುವ ಹೊತ್ತು. ಮುಂಬಯಿಯ ಭಾಂಡುಪಿನ ಮದುವೆ ಹಾಲೊಂದರ ಹಿಂದೆ ಬಾಡಿಗೆ ಜನರೇಟರಿನ ಗಾಡಿ ನಿಂತಿದೆ. ಅದರ ಮೇಲೆ ಬಗ್ಗಿ ಫಿಲ್ಟರ್ ಬಿಚ್ಚುತ್ತಿರುವವರು ಆಳಂದದ ಕಡೆಯ ಚಂದ್ರಾಮ. ಕೆಳಗೆ ಅವರ ಹೆಂಡತಿಯ ತಮ್ಮ ಯಲ್ಲಾಲಿಂಗ ಡೀಸೆಲ್ ಡ್ರಮ್ಮಿಗೆ ಪೈಪು ಇಳಿಬಿಟ್ಟು, ಇನ್ನೊಂದು ತುದಿಯನ್ನು ಬಾಯಿಗಿಟ್ಟು ಎಳೆಯುತ್ತಾನೆ. ಎಣ್ಣೆ ತುಟಿ ಮುಟ್ಟುವ ಮೊದಲೇ ಪೈಪು ತೆಗೆಯುವುದು ಈ ಕಸುಬಿನವರ ಕೈಚಳಕ. ಇವತ್ತು ಅದು ತಪ್ಪುತ್ತದೆ. ಒಂದು ಗುಟುಕು ಒಳಗೆ ಹೋಗಿಬಿಡುತ್ತದೆ.

ಒಳಗೆ ಪಾತ್ರೆ ತೊಳೆಯುತ್ತಿದ್ದ ಮಹಾದೇವಿ ತಮ್ಮನ ಕೂಗು ಕೇಳಿ, ಚೊಂಬಿನಲ್ಲಿ ಉಪ್ಪುನೀರು ಕಲಸಿಕೊಂಡು ಓಡಿ ಬರುತ್ತಾರೆ. “ಕುಡಿಯೋ ಯಪ್ಪಾ, ಎಲ್ಲಾ ಕಕ್ಕಿಬಿಡು!”

ಚಂದ್ರಾಮ ಮೇಲಿನಿಂದ ಧುಮುಕಿ, ಹೆಂಡತಿಯ ಕೈಯಿಂದ ಚೊಂಬು ಕಸಿದು ಗೋಡೆಗೆ ಎಸೆಯುತ್ತಾರೆ.

“ನನ್ನ ತಮ್ಮಗ ಕೊಲ್ಲತೀರೇನ್ರೀ?”

“ವಾಂತಿ ಮಾಡಸಬ್ಯಾಡ! ಹೊಟ್ಟ್ಯಾಗೇ ಇರ್ಲಿ!”

“ಪಾಗಲ್ ಹೋ ಗಯಾ ಕ್ಯಾ?” ಹುಚ್ಚು ಹಿಡಿಯಿತೇ ಎಂದು ಅಡುಗೆಯವನು ಚೀರುತ್ತಾನೆ. ಚಂದ್ರಾಮ ಹುಡುಗನನ್ನು ರಿಕ್ಷಾಕ್ಕೆ ಹತ್ತಿಸುತ್ತಾರೆ.

ಅವರ ಕಣ್ಣೆದುರು ಇರುವುದು ಕಾಶಿನಾಥ. ಮುಂಬಯಿಗೆ ಬಂದ ಹೊಸದರಲ್ಲಿ ಅವರಿಗೆ ಈ ಕೆಲಸ ಕಲಿಸಿದವರು. ಕುರ್ಲಾದ ಚಾಳಿನ ಸಾಲುಮನೆಯಲ್ಲಿ ಹೀಗೇ ಒಂದು ಗುಟುಕು ನುಂಗಿ, ನಗುನಗುತ್ತಲೇ ಕೂತಿದ್ದರು. ನೆರೆಹೊರೆಯವರು ದೇವರ ಹೆಸರು ಹೇಳಿ ಉಪ್ಪುನೀರು ಕುಡಿಸಿದರು, ಕಕ್ಕಿಸಿದರು. ಸಂಜೆಗೆ ಉಸಿರು ಕಟ್ಟಿತು. ಮರುದಿನ ಅವರಿಲ್ಲ.

ಅಂದು ಡಾಕ್ಟರು ಹೇಳಿದ್ದು ಚಂದ್ರಾಮರಿಗೆ ಇಂದಿಗೂ ಅರಗಿಲ್ಲ. ಡೀಸೆಲ್ ನೆಲದಾಳದ ಕಚ್ಚಾ ಎಣ್ಣೆಯಿಂದ ಬಂದದ್ದು. ಇಂಗಾಲ ಮತ್ತು ಜಲಜನಕದ ಸರಪಳಿಗಳ ಮಿಶ್ರಣ. ನೀರಿಗಿಂತ ಹಗುರ, ನೀರಿನಲ್ಲಿ ಬೆರೆಯದು. ಕುಡಿಸಿದ ನೀರಿನ ಮೇಲೆ ಅದು ತೇಲುತ್ತದೆ. ಕಕ್ಕುವಾಗ ಶ್ವಾಸನಾಳಕ್ಕೆ ಜಾರಿದರೆ, ತೆಳುವಾದ ಆ ಎಣ್ಣೆ ಶ್ವಾಸಕೋಶದೊಳಗೆಲ್ಲ ಹರಡಿಬಿಡುತ್ತದೆ. ಹೊಟ್ಟೆಯಲ್ಲಿ ಒಂದು ಗುಟುಕು ಮಾಡದ ಕೇಡನ್ನು ಅಲ್ಲಿ ಒಂದು ಚಮಚ ಮಾಡುತ್ತದೆ.

“ಅಂದ್ರ ನಾವೇ ಕೊಂದಂಗಾತಲ್ರೀ ಡಾಕ್ಟ್ರೇ?” ಎಂದು ಚಂದ್ರಾಮ ಕೇಳಿದ್ದರು.

ಯಲ್ಲಾಲಿಂಗ ಕೆಮ್ಮುತ್ತ ಆಸ್ಪತ್ರೆಯಲ್ಲಿ ಮಲಗಿದ್ದಷ್ಟು ದಿನ ಮಹಾದೇವಿ ಗಂಡನ ಜೊತೆ ಮಾತಾಡುವುದಿಲ್ಲ. ಮನೆಗೆ ಕಳಿಸುವ ದಿನ ಅಲ್ಲಿನ ಡಾಕ್ಟರೂ ಅದೇ ಮಾತು ಹೇಳಿದಾಗ, ಮಹಾದೇವಿ ಗಂಡನತ್ತ ತಿರುಗುತ್ತಾರೆ. “ನನ್ನ ಕೈಲಿಂದೇ ಹೋಗ್ತಿದ್ದನಲ್ರೀ!”

“ಮಾವ ಚೊಂಬು ಎಸ್ದಿದ್ದ ನೋಡ್ಬೇಕಿತ್ತು, ಬೌಲರ್ ಆಗ್ಬೇಕಿತ್ತಂವ,” ಎಂದು ಯಲ್ಲಾಲಿಂಗ ನಗಿಸಲು ನೋಡುತ್ತಾನೆ. ಯಾರೂ ನಗುವುದಿಲ್ಲ.

ದಿನಕ್ಕೆ ಇನ್ನೂರು ಲೀಟರ್ ಡೀಸೆಲ್ ಚಂದ್ರಾಮರ ಕೈಯಿಂದ ಹಾಯುತ್ತದೆ. ಮದುವೆಯ ದೀಪದ ಕೆಳಗೆ ಉಣ್ಣುವವರಿಗೆ ಆ ಕೈ ಕಾಣದು. ಈಗ ಅವರ ಗಾಡಿಯಲ್ಲಿ ಡೀಸೆಲ್ ಎಳೆಯಲು ಕೈಪಂಪು ಇದೆ. ಬಿಡುವಿದ್ದಾಗ ಊರಿನ ಉತ್ತರ ತುದಿಯ ದಹಿಸರಿನವರೆಗೂ ಹೋಗಿ ಜನರೇಟರ್ ಗಾಡಿಯವರಿಗೆ ಹೇಳುತ್ತಾರೆ: ಬಾಯಿ ಹಚ್ಚಬ್ಯಾಡ್ರಿ, ನುಂಗಿದ್ರ ಕಕ್ಕಸಬ್ಯಾಡ್ರಿ, ದವಾಖಾನಿಗಿ ಒಯ್ರಿ. “ಬಂದ್ರು ನೋಡ್ರಪಾ ಡೀಸೆಲ್ ಡಾಕ್ಟ್ರು!” ಎಂದು ಅವರು ಕಾಡಿಸುತ್ತಾರೆ.

ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಚಂದ್ರಾಮ ಪಂಪಿನ ಎಣ್ಣೆ ಒರೆಸುತ್ತ ಹೇಳುತ್ತಾರೆ:

“ದಿನಾ ದೀಪ ಹಚ್ಚಿ ಒಂದೇ ಬೇಡ್ಕೋತೀನ್ರಿ. ಕಾಶಿನಾಥಣ್ಣ ಎಲ್ಲೇ ಇರ್ಲಿ, ನೀರು ಕುಡಿಸ್ದೋರು ಪ್ರೀತಿಲಿಂದೇ ಕುಡಿಸಿದ್ರು ಅಂತ ಅವನಿಗಿ ತಿಳೀಲಿ.”