ಕೆಂಚನ ಕ್ಯಾರೆಟ್ಟು

ನಾನು ಹುರುಳಿಕಾಯಿಯನ್ನು ಎರಡು ಅಳತೆಯಲ್ಲಿ ಹೆಚ್ಚುತ್ತೇನೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಉದ್ದುದ್ದನೆಯ ತುಂಡುಗಳು ಯಜಮಾನರ ಪಲ್ಯಕ್ಕೆ, ಕಡಲೆಬೇಳೆಯಷ್ಟು ಸಣ್ಣಗಿನವು ಬಂಟಿಗೆ. ಬಂಟಿ ನಮ್ಮ ನಾಯಿ. "ಮದ್ವೆ ಆಗಿ ಇಪ್ಪತ್ತೇಳು ವರ್ಷ ಆಯ್ತು, ನನಗೆ ಯಾವತ್ತಾದ್ರೂ ಇಷ್ಟು ಸಣ್ಣಗೆ ಹೆಚ್ಚಿದ್ದೀಯಾ?" ಎಂದು ಯಜಮಾನರು ಒಮ್ಮೆ ಕೇಳಿಯೇಬಿಟ್ಟರು. ನಿಮಗೆ ಹಲ್ಲೂ ಇದೆ, ಅಗಿಯುವ ಬುದ್ಧಿಯೂ ಇದೆ, ಅವನಿಗೆ ಹಲ್ಲು ಮಾತ್ರ ಇರುವುದು ಎಂದೆ. ಅದನ್ನು ಹೊಗಳಿಕೆ ಎಂದುಕೊಂಡು ಅವರು ಸುಮ್ಮನಾದರು.

ಇದೆಲ್ಲ ಶುರುವಾದದ್ದು ಬಂಟಿ ಸೋಫಾ ಹತ್ತಲಾರದೆ ಕೆಳಗೇ ಕೂತು ನಮ್ಮ ಮುಖ ನೋಡಿದ ದಿನ. ಚಿಕ್ಕಬಳ್ಳಾಪುರದ ಪಶುವೈದ್ಯರು ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಬಂದ ಅಂಕಿ ನೋಡಿ, ಆಮೇಲೆ ನನ್ನನ್ನೂ ಒಮ್ಮೆ ನೋಡಿದರು. ನನ್ನನ್ನು ಹತ್ತಿಸಲಿಲ್ಲ, ಅದೊಂದೇ ಸಮಾಧಾನ. ಬಿಸ್ಕತ್ತು ಬಂದ್, ಅನ್ನ ಕಡಿಮೆ, ಮಾಮೂಲಿ ಊಟದ ಜೊತೆ ಒಂದಿಷ್ಟು ಬೇಯಿಸಿದ ಕ್ಯಾರೆಟ್ಟು, ಹುರುಳಿಕಾಯಿ, ಸಿಹಿಗುಂಬಳ. ಉಪ್ಪಿಲ್ಲ, ಖಾರವಿಲ್ಲ, ಒಗ್ಗರಣೆಯಿಲ್ಲ. ಈರುಳ್ಳಿ ಬೆಳ್ಳುಳ್ಳಿಯನ್ನಂತೂ ಸೋಕಿಸಲೇಬಾರದು. ನಮ್ಮ ಅತ್ತೆ ಎಷ್ಟೋ ಚಾತುರ್ಮಾಸ್ಯ ಮಾಡಿದವರು, ಅವರೂ ಒಗ್ಗರಣೆ ಬಿಟ್ಟಿರಲಿಲ್ಲ.

ಪೇಟೆಯಲ್ಲಿ ತರಕಾರಿ ಮಾರುವ ರತ್ನಮ್ಮ ಚಿಂತಾಮಣಿ ಕಡೆಯವಳು. ನಾನು ಎಳೆ ಹುರುಳಿಕಾಯಿಯನ್ನೇ ಆರಿಸಿ ಆರಿಸಿ ಹಾಕಿಕೊಳ್ಳುವುದನ್ನು ಕಂಡು, "ಮನೇಲಿ ಬಾಣಂತಿ ಇದಾರೇನಮ್ಮ?" ಎಂದು ವಿಚಾರಿಸಿದಳು. ನಾಯಿಗೆ ಎಂದೆ. "ಕುಕ್ಕಕಾ!" ಎಂದು ತೆಲುಗಿನಲ್ಲಿ ಕೂಗಿ ಬಾಯಿಗೆ ಸೆರಗು ಇಟ್ಟುಕೊಂಡಳು. ಅಷ್ಟು ಆಶ್ಚರ್ಯಕ್ಕೆ ಅವಳ ಕನ್ನಡ ಸಾಲಲಿಲ್ಲವೆಂದು ಕಾಣುತ್ತದೆ.

ಬಂಟಿಯೂ ಸುಲಭಕ್ಕೆ ಒಪ್ಪಲಿಲ್ಲ. ಮೊದಲ ವಾರ ಅನ್ನವನ್ನಷ್ಟೇ ನೆಕ್ಕಿ, ಕ್ಯಾರೆಟ್ ತುಂಡುಗಳನ್ನು ಒಂದೊಂದಾಗಿ ಹೊರತೆಗೆದು ನೆಲದ ಮೇಲೆ ಇಡುತ್ತಿದ್ದ. ಹಾಸ್ಟೆಲ್ಲಿನ ಹುಡುಗರೂ ಉಪ್ಪಿಟ್ಟಿನಿಂದ ಅಷ್ಟು ಶಿಸ್ತಾಗಿ ಮೆಣಸಿನಕಾಯಿ ಆರಿಸುವುದಿಲ್ಲ. ಒಂದು ಚಮಚ ಮೊಸರು ಕಲಸಿಕೊಟ್ಟ ಮೇಲೆ ದಾರಿಗೆ ಬಂದ. ಈಗ ಸೋಫಾ ಹತ್ತುತ್ತಾನೆ. ನಾವು ಕೆಳಗೆ ಕೂರುತ್ತೇವೆ.

ನಾಯಿ ಮಾಂಸಾಹಾರಿ, ಅದಕ್ಕೆ ಸೊಪ್ಪುಸದೆ ಹಾಕುವುದು ಈ ಕಾಲದ ಶೋಕಿ ಎನ್ನುವವರಿದ್ದಾರೆ. ಅವರು ನಮ್ಮ ಸೀಮೆಯ ನಾಯಿಗಳನ್ನು ನೋಡಿಲ್ಲ. ಮನುಷ್ಯನ ಒಲೆಯ ಹತ್ತಿರ ಬಂದು ಕೂತ ದಿನದಿಂದ ಅವನು ತಿಂದದ್ದನ್ನೇ ತಿಂದು ಬೆಳೆದ ಜಾತಿ ಅದು. ಮುದ್ದೆಯನ್ನು ಅಗಿಯದೆ ನುಂಗಬೇಕೆಂಬ ಶಾಸ್ತ್ರವನ್ನು ಈಗ ಚಾಚೂತಪ್ಪದೆ ಪಾಲಿಸುವುದು ನಾಯಿಗಳು ಮಾತ್ರ. ತರಕಾರಿ ತಿನ್ನುವ ನಾಯಿ ನನಗಂತೂ ಹೊಸದಲ್ಲ. ನನ್ನ ತವರೂರು ನಂದಿಯಲ್ಲಿ, ನನ್ನ ಹತ್ತನೆಯ ವಯಸ್ಸಿನಲ್ಲಿ, ನಮಗೊಬ್ಬ ಕೆಂಚನಿದ್ದ.

ಕೆಂಚ ಕ್ಯಾರೆಟ್ ಕಳ್ಳ. ನಮ್ಮದು ದ್ರಾಕ್ಷಿ ತೋಟ. ಬದು ದಾಟಿದರೆ ಮುನಿಶಾಮಪ್ಪನವರ ಕ್ಯಾರೆಟ್ ಹೊಲ. ಕೆಂಚ ಮುಂಗಾಲಿನಲ್ಲಿ ಮಣ್ಣು ಬಿಡಿಸಿ, ಸೊಪ್ಪು ಕಚ್ಚಿ ಎಳೆದು, ಎರಡು ಸಲ ಒದರಿ, ಕಟಕಟ ಎಂದು ತಿನ್ನುತ್ತಿದ್ದ. ಸೊಪ್ಪನ್ನು ಅಲ್ಲೇ ಬಿಟ್ಟು ಬರುತ್ತಿದ್ದುದರಿಂದ ಕಳ್ಳತನ ಮುಚ್ಚಿಡಲು ಆಗುತ್ತಿರಲಿಲ್ಲ. ನಾನು ಮುನಿಶಾಮಪ್ಪನವರನ್ನು ಮಾವ ಎಂದೇ ಕರೆಯುತ್ತಿದ್ದೆ. ಅವರು ಒಂದು ದಿನ ಆ ಸೊಪ್ಪುಗಳನ್ನೆಲ್ಲ ಆರಿಸಿ ತಂದು ನಮ್ಮ ಜಗಲಿಯ ಮೇಲೆ ಸುರಿದು, "ಇನ್ನೊಂದ್ಸಲ ಬಂದ್ರೆ ಉಳ್ಸಲ್ಲ ನೋಡಿ" ಎಂದು ಕೂಗಾಡಿ ಹೋದರು.

ಅದೇ ವಾರ ನಮ್ಮಲ್ಲಿ ದ್ರಾಕ್ಷಿ ಕೊಯ್ಲು. ಗೊಂಚಲುಗಳನ್ನು ಮಂಕರಿಗೆ ಜೋಡಿಸುವಾಗ ಉದುರಿದ ಹಣ್ಣನ್ನೆಲ್ಲ ನಾನು ಬಟ್ಟಲಿಗೆ ತುಂಬಿಕೊಂಡು ಚಪ್ಪರದ ಕೆಳಗೆ ಕೆಂಚನನ್ನು ಕೂರಿಸಿಕೊಂಡೆ. ನನಗೊಂದು, ಅವನಿಗೆರಡು. ಬೈಸಿಕೊಂಡ ನಾಯಿಗೆ ಉಪಚಾರ ಅದು. ಸಂಜೆಯ ಹೊತ್ತಿಗೆ ಅವನು ವಾಂತಿ ಮಾಡತೊಡಗಿದ. ಮಾರನೆಯ ದಿನ ನೀರು ಕೊಟ್ಟರೂ ತಲೆ ಎತ್ತಲಿಲ್ಲ. ಮೂರನೆಯ ದಿನ ಬೆಳಗ್ಗೆ ಅಪ್ಪ ಅವನನ್ನು ಗೋಣಿಚೀಲದ ಮೇಲೆ ಮಲಗಿಸಿ ಹೊತ್ತುಕೊಂಡು ಹೋದರು.

ಯಾರು ಮಾಡಿದ್ದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಅಪ್ಪ ಬದುವಿನ ಮೇಲೆ ನಿಂತು ವಿಷ ಹಾಕಿದೆಯಲ್ಲೋ ಎಂದು ಬೈದರು. ಮುನಿಶಾಮಪ್ಪ ತಲೆ ತಗ್ಗಿಸಿ ನಿಂತಿದ್ದರು, ಒಂದು ಮಾತೂ ಆಡಲಿಲ್ಲ. ತಪ್ಪಿಲ್ಲದವನಾದರೆ ಸುಮ್ಮನಿರುತ್ತಾನೆಯೇ? ಎರಡು ಮನೆಗಳ ನಡುವೆ ಮಾತು ನಿಂತಿತು, ಮದುವೆ ಮುಂಜಿಗೆ ಕರೆಯುವುದೂ ನಿಂತಿತು. ಅದು ಸಾಲದೆಂಬಂತೆ ನಾನು, ಸ್ಕೂಲಿನ ದಾರಿಯಲ್ಲಿ ಅವರು ಎದುರಾದಾಗಲೆಲ್ಲ "ನಾಯಿ ಸಾಯ್ಸಿದವ್ರು" ಎಂದು ಗೆಳತಿಯರ ಜೊತೆ ಸೇರಿ ಕೂಗುತ್ತಿದ್ದೆ. ಒಂದು ಸಲ ಅವರು ನಿಂತು ನನ್ನನ್ನು ನೋಡಿ, ಹಾಗೇ ನಡೆದುಹೋದರು. ಗೆದ್ದೆನೆಂದು ಆಗ ಬಹಳ ಖುಷಿಯಾಗಿತ್ತು.

ಈಗ ಮತ್ತೆ ವೈದ್ಯರ ಹತ್ತಿರ ಬರೋಣ. ಬಂಟಿಯ ತೂಕ ಇಳಿದಿತ್ತು, ನನಗೆ ಜಂಬ ಏರಿತ್ತು. "ಇನ್ನು ಹಣ್ಣೂ ಶುರು ಮಾಡಣ ಅಂತ ಡಾಕ್ಟ್ರೇ, ದ್ರಾಕ್ಷಿ ಸೀಸನ್ ಬಂತಲ್ಲ" ಎಂದೆ. ಅವರು ಬರೆಯುವುದನ್ನು ನಿಲ್ಲಿಸಿದರು. "ದ್ರಾಕ್ಷಿ ಮಾತ್ರ ಒಂದು ಕಾಳೂ ಬೇಡ ಮೇಡಂ." ಕೆಲವು ನಾಯಿಗಳಿಗೆ ಏನೂ ಆಗುವುದಿಲ್ಲವಂತೆ, ಕೆಲವಕ್ಕೆ ಸ್ವಲ್ಪ ತಿಂದರೂ ಮೂತ್ರಪಿಂಡ ಕೆಟ್ಟುಹೋಗುತ್ತದಂತೆ. ಮೊದಲು ವಾಂತಿ, ಆಮೇಲೆ ಸುಸ್ತು, ಎರಡು ಮೂರು ದಿನದಲ್ಲಿ ಎಲ್ಲ ಮುಗಿಯಬಹುದು.

"ನಲವತ್ತು ವರ್ಷದ ಹಿಂದೆ ತಿಂದಿದ್ರೆ?" ಎಂದು ಕೇಳಿದೆ. ಅವರು ಗಾಬರಿಯಿಂದ ಬಂಟಿಯನ್ನು ನೋಡಿದರು. ಆಮೇಲೆ ನಾನು ಕೆಂಚನ ವಿಷಯ ಹೇಳಿದೆ. "ಇರಬಹುದು ಮೇಡಂ. ಈಗ ಹೆಂಗೆ ಹೇಳೋದು?" ಎಂದರು.

ಆ ವಾರವೆಲ್ಲ ಕ್ಯಾರೆಟ್ ಹೆಚ್ಚುವಾಗ ಕಣ್ಣು ತುಂಬಿಕೊಳ್ಳುತ್ತಿತ್ತು. ಯಜಮಾನರಿಗೆ ಈರುಳ್ಳಿಯ ನೆಪ ಹೇಳೋಣವೆಂದರೆ ಬಂಟಿಯ ಪಥ್ಯದಲ್ಲಿ ಈರುಳ್ಳಿಯೇ ಇಲ್ಲ. ಅಪ್ಪ ತೀರಿಹೋಗಿ ಬಹಳ ವರ್ಷವಾಯಿತು. ತೋಟ ಯಾರದ್ದೋ ಕೈಗೆ ಹೋಗಿದೆ. ಮುನಿಶಾಮಪ್ಪ ಮಾತ್ರ ಇದ್ದಾರೆ, ಎಂಬತ್ತು ದಾಟಿದೆ ಎಂದು ಕೇಳಿದ್ದೆ. ಅವರಿರುವಾಗಲೇ ಹೋಗಿ ಹೇಳದಿದ್ದರೆ ನನಗೆ ಇನ್ನು ಸಮಾಧಾನವಿಲ್ಲ ಎನ್ನಿಸಿತು. ಭಾನುವಾರ ನಂದಿಯ ಬಸ್ಸು ಹತ್ತಿದೆ.

ಮನೆಯ ಮುಂದೆ ಕ್ಯಾರೆಟ್ ಕಂತೆ ಕಟ್ಟುತ್ತ ಕೂತಿದ್ದರು. ಹೆಸರು ಹೇಳುವ ಮೊದಲೇ, "ನಾರಾಯಣಪ್ಪನ ಮಗಳಲ್ವೇನಮ್ಮ? ಬಾ, ಕೂತ್ಕೋ" ಎಂದರು. ನಾನು ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ದಾರಿಯುದ್ದಕ್ಕೂ ಪಾಠದ ಹಾಗೆ ಮಾತು ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ: "ಮಾವ, ಕೆಂಚನ್ನ ನೀವು ಸಾಯ್ಸಿಲ್ಲ. ದ್ರಾಕ್ಷಿ ತಿಂದು ಸತ್ತಿದ್ದು. ತಿನ್ಸಿದ್ದು ನಾನು. ಬೀದೀಲಿ ನಿಮ್ಮನ್ನ ಅಂದೋಳೂ ನಾನು. ತಪ್ಪಾಯ್ತು."

ಅವರ ಕೈಯಲ್ಲಿದ್ದ ಕಂತೆ ಹಾಗೇ ಬಿಚ್ಚಿಕೊಂಡಿತು. ಅದನ್ನು ಪಕ್ಕಕ್ಕಿಟ್ಟು ಹೇಳಿದರು: "ನಾಯಿ ಕಾಯ್ಲೆ ಬೀಳೋ ಹಿಂದಿನ ದಿನ ಕ್ಯಾರೆಟ್‌ಗೆ ಔಷಧಿ ಹೊಡ್ದಿದ್ದೆ ಕಣಮ್ಮ. ವಿಷ ಇಟ್ಟಿಲ್ಲ ಅಂತ ದೇವ್ರ ಮೇಲೆ ಆಣೆ ಇಡಬೋದಿತ್ತು. ಔಷಧಿ ಹೊಡ್ದಿಲ್ಲ ಅಂತ ಹೆಂಗ್ ಇಡ್ಲಿ? ಅದ್ಕೇ ನಿಮ್ಮಪ್ಪ ಬೈದ್ರೂ ಸುಮ್ಕಿದ್ದೆ. ನಾನೇ ಸಾಯ್ಸಿದ್ದು ಅಂತ ನಾನೂ ಇವತ್ತಿನ್ ಗಂಟ ಅಂದ್ಕೊಂಡೇ ಇದೀನಿ."

ಔಷಧಿಯೋ ದ್ರಾಕ್ಷಿಯೋ, ಇನ್ನು ಯಾರಿಗೂ ತಿಳಿಯುವಂತಿಲ್ಲ.

"ದ್ರಾಕ್ಷಿನೇ ಅಂತ ಡಾಕ್ಟ್ರು ಗಟ್ಟಿಯಾಗಿ ಹೇಳಿದ್ರಾ?" ಎಂದು ಅವರು ನನ್ನ ಮುಖವನ್ನೇ ನೋಡುತ್ತ ಕೇಳಿದರು.

ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಬರೆಯುವ ಮಕ್ಕಳ ಉತ್ತರಕ್ಕೆ ಕೆಂಪು ಶಾಯಿಯ ಸುತ್ತು ಹಾಕಿ ಹಾಕಿ ನನ್ನ ಅರ್ಧ ಆಯುಸ್ಸು ಕಳೆದಿದೆ. "ಗಟ್ಟಿಯಾಗೇ ಹೇಳಿದ್ರು ಮಾವ. ದ್ರಾಕ್ಷಿನೇ" ಎಂದೆ.

ಅವರು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ತಲೆಯ ಮೇಲೆ ಮಣ್ಣುಗೈ ಇಟ್ಟು, "ಹಂಗಾದ್ರೆ ನೀನೂ ಮನ್ಸಿಗೆ ಹಚ್ಕೋಬೇಡ ಬಿಡಮ್ಮ. ಹತ್ತು ವರ್ಷದ ಮಗು, ನಿಂಗೇನ್ ಗೊತ್ತಿತ್ತು" ಎಂದರು.

ಸಂಜೆ ಬಸ್ಸಿನಲ್ಲಿ ಕೂತವಳಿಗೆ ಕೂದಲಲ್ಲಿ ಉಳಿದಿದ್ದ ಮಣ್ಣು ಕೈಗೆ ಹತ್ತಿತು. ಒದರಿಕೊಳ್ಳಲು ಮನಸ್ಸಾಗಲಿಲ್ಲ.