ಎಲ್ಲೀತನ ಸರಿ ಇತ್ತು?

ಕಂಪ್ಯೂಟರ್ ಮುಟ್ಟುವ ಮೊದಲು ನಮ್ಮ ಮಾಸ್ತರು ಕಿಟಕಿಯ ಕಬ್ಬಿಣದ ಸರಳನ್ನು ಅಂಗೈ ತುಂಬ ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ರಾಯಚೂರಿನ ಒಣ ಹವೆಯಲ್ಲಿ ಮೈಗೆ ಹತ್ತಿದ ಕರೆಂಟು ಯಂತ್ರದ ಒಳಭಾಗವನ್ನು ಸುಡಬಾರದೆಂದು ಹಾಗೆ ಮಾಡುತ್ತಿದ್ದರು. ನೋಡಿದವರು ಮಂತ್ರ ಹೇಳುತ್ತಿದ್ದಾರೆಂದೇ ತಿಳಿಯುತ್ತಿದ್ದರು. ಮಾನ್ವಿಯ ಪೂಜೆ ಪುನಸ್ಕಾರದ ಮನೆತನ, ಹಣೆಯ ಮೇಲೆ ಅಂಗಾರ ಅಕ್ಷತೆ. ಹಾಗೆ ತಿಳಿದದ್ದರಲ್ಲಿ ಆಶ್ಚರ್ಯವಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ಅವರು ದೇವದುರ್ಗದ ಶಾಲೆಯಲ್ಲಿ ನನ್ನ ಗಣಿತದ ಮಾಸ್ತರು. ಲೆಕ್ಕ ತಪ್ಪಿದರೆ ಬೈಯುತ್ತಿರಲಿಲ್ಲ, ಆದರೆ ಪಾಟಿಯನ್ನು ಪೂರ್ತಿ ಒರೆಸಲೂ ಬಿಡುತ್ತಿರಲಿಲ್ಲ. ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಸಾಲು ಮೇಲಕ್ಕೆ ಹೋಗುತ್ತ, "ಎಲ್ಲೀತನ ಸರಿ ಅದ?" ಎಂದು, ಲೆಕ್ಕ ಎಲ್ಲಿಯ ತನಕ ಸರಿಯಿದೆಯೆಂದು, ಕೇಳುತ್ತಿದ್ದರು. ಸರಿಯಾದ ಸಾಲು ಸಿಕ್ಕ ಕೂಡಲೇ ಅದರ ಕೆಳಗೊಂದು ಗೆರೆ. "ಇಲ್ಲಿಂದ ಮತ್ತ ನಡಿ."

ಒಮ್ಮೆ ನನ್ನ ಪಕ್ಕದವನು ಎದ್ದು, "ಸರ, ಇವ ನಂದು ನೋಡಿ ಬರದಾನ್ರಿ" ಎಂದು ದೂರಿದ.

"ಹಂಗಾದ್ರ ನಿಂದೂ ತಪ್ಪ್ಯದ. ತಾ ನಿನ್ನ ಪಾಟಿ" ಎಂದರು ಮಾಸ್ತರು.

ಮುಂದೆ ಅವರು ರಾಯಚೂರಿನ ಕಾಲೇಜಿಗೆ ಬಂದರು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ, ಹಗಲು ಗಣಿತ ಕಲಿಸಿ, ಸಂಜೆ ಒಂದು ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರ್ ಕಲಿಸಿ, ಕೊನೆಯ ಬಸ್ಸಿಗೆ ಮಾನ್ವಿಗೆ ಮರಳುತ್ತಿದ್ದರು. ನಾನು ರಾಯಚೂರಿನದೇ ಒಂದು ಸಣ್ಣ ಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ನಮ್ಮ ಮಾಲಕರು ಕಂಪ್ಯೂಟರ್ ಕೊಂಡಾಗ ಅದನ್ನು ನಡೆಸಲು ಮಾಸ್ತರು ತಮ್ಮ ವಿದ್ಯಾರ್ಥಿನಿಯೊಬ್ಬಳನ್ನು ಕಳಿಸಿಕೊಟ್ಟರು. ಮಸರಕಲ್ಲಿನ ಹುಡುಗಿ. ತಂದೆ ತಾಯಿ ಕೂಲಿ ಮಾಡುವವರು; ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸಕ್ಕೆ ಬಂದವಳು ಅವಳೇ ಮೊದಲು.

ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿಸುವ ಒಂದು ಕಾರ್ಡ್ ಹೈದರಾಬಾದಿನಿಂದ ಬರಬೇಕಿತ್ತು. ಆಯುಧಪೂಜೆಯ ಮುಹೂರ್ತಕ್ಕೆ ಅದನ್ನು ಕೂಡಿಸಬೇಕೆಂಬುದು ಮಾಲಕರ ಆಸೆ. ಆದರೆ ಅದನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವಿದ್ದ ಫ್ಲಾಪಿ ಮಾತ್ರ ಮೊದಲು ಬಂತು, ಕಾರ್ಡ್ ಬರಲಿಲ್ಲ.

"ಕಾರ್ಡ್ ಬಂದ ಮ್ಯಾಲೆ ಹಾಕೋಣ್ರಿ" ಎಂದಳು ಹುಡುಗಿ.

"ಕಾರ್ಡ್ ನಾಳಿಗಿ ಬರ್ಲಿ, ಮುಹೂರ್ತ ನಾಳಿಗಿ ಬರ್ತದೇನು? ಫ್ಲಾಪಿ ಹಾಕವಾ ನೀ" ಎಂದರು ಮಾಲಕರು.

ಅವಳು ಹಾಕಿದಳು. ಪೂಜೆ ನಡೆಯಿತು, ಕುಂಕುಮ ಹಚ್ಚಿದರು, ಕುಂಬಳಕಾಯಿ ಒಡೆದರು. ಮತ್ತೆ ಗುಂಡಿ ಒತ್ತಿದರೆ ಯಂತ್ರ ಒಮ್ಮೆ ಗುರ್ರೆಂದು ನಿಂತುಬಿಟ್ಟಿತು. ಕಪ್ಪು ಪರದೆ, ಮೂಲೆಯಲ್ಲಿ ಮಿಣುಗುವ ಒಂದು ಗೆರೆ, ಅಷ್ಟೇ. ನಾಕಾರು ಸಲ ಬಂದ್ ಮಾಡಿ ಚಾಲೂ ಮಾಡಿದರೂ ಅದೇ.

"ದೃಷ್ಟಿ ಆಗ್ಯದ್ರಿ, ಒಂದು ಲಿಂಬಿಹಣ್ಣು ಕಟ್ರಿ" ಎಂದ ಅಚ್ಚುಮೊಳೆ ಜೋಡಿಸುವ ಮುದುಕ. ಮಾಲಕರಿಗೆ ನಗು ಬರಲಿಲ್ಲ. "ಹಬ್ಬದ ದಿನಾನ ಕೆಡಿಸಿದಿ. ನಾಳಿಂದ ಬರಬ್ಯಾಡ ನೀ" ಎಂದು ಎಲ್ಲರೆದುರು ಹುಡುಗಿಗೆ ಹೇಳಿದರು. ಅವಳು ಚೀಲ ತೆಗೆದುಕೊಂಡು ಗೋಡೆಗೆ ಆತು ನಿಂತಳು.

ನಾನು ಹೋಗಿ ಮಾಸ್ತರನ್ನು ಕರೆತಂದೆ. ಚಪ್ಪಲಿ ಹೊರಗೆ ಬಿಟ್ಟು ಬಂದವರು ಕಿಟಕಿಯ ಸರಳು ಹಿಡಿದರು. ಮಾಲಕರು ಶುರು ಮಾಡಿದರು: "ಇಕೀನ ನೋಡ್ರಿ ಮಾಸ್ತರ, ಇಕೀನ..."

ಮಾಸ್ತರು ಅಂಗೈ ಎತ್ತಿದರು. "ಯಾರು ಅನ್ನೋದು ಕಡೀಗಿ ನೋಡೋಣ್ರಿ. ಏನಾತು ಅಷ್ಟ ಹೇಳ್ರಿ." ಆಮೇಲೆ ಹುಡುಗಿಯ ಕಡೆ ತಿರುಗಿದರು. "ಎಲ್ಲೀತನ ಸರಿ ಇತ್ತವಾ?"

"ಮುಂಜಾನಿ ಚಾಲೂ ಆಗಿತ್ತ್ರಿ ಸರ. ಆಮ್ಯಾಗ ಡ್ರೈವರ್ ಹಾಕೀವ್ರಿ. ಕಾರ್ಡ್ ಇನ್ನಾ ಬಂದಿಲ್ರಿ."

ಯಾರು ಹಾಕಿಸಿದರೆಂದು ಅವಳು ಹೇಳಲಿಲ್ಲ. ಮಾಸ್ತರೂ ಕೇಳಲಿಲ್ಲ. ಯಂತ್ರ ಎದ್ದ ಕೂಡಲೇ ಓದಿಕೊಳ್ಳುವ ಒಂದು ಫೈಲ್ ಇರುತ್ತದೆ. ಡ್ರೈವರ್ ಹಾಕಿದಾಗ ಅದರಲ್ಲಿ ಕಾರ್ಡನ್ನು ಹುಡುಕೆನ್ನುವ ಒಂದು ಸಾಲು ಸೇರಿತ್ತು. "ಬೀಗರು ಬಂದಾರೇನು ನೋಡು ಅಂತ ಒಬ್ಬನ್ನ ಬಾಗಲಕ್ಕ ನಿಂದರ್ಸೀರಿ. ಬೀಗರು ಊರೇ ಬಿಟ್ಟಿಲ್ಲ. ಇವ ಬಾಗಲಾ ಬಿಟ್ಟು ಕದಲವಲ್ಲ" ಎಂದರು.

ತಾವು ಕುರ್ಚಿಯಲ್ಲಿ ಕೂರಲಿಲ್ಲ. ಹುಡುಗಿಯನ್ನೇ ಕೂಡಿಸಿದರು. ಅವಳು ಯಂತ್ರದ ಜೊತೆ ಬಂದಿದ್ದ ಮೂಲ ಫ್ಲಾಪಿ ಹಾಕಿ ಅದರಿಂದ ಚಾಲೂ ಮಾಡಿದಳು, ಆ ಫೈಲ್ ತೆರೆದು ಹೊಸ ಸಾಲನ್ನು ಅಳಿಸಿದಳು, ಫ್ಲಾಪಿ ತೆಗೆದು ಮತ್ತೆ ಗುಂಡಿ ಒತ್ತಿದಳು. ಪರದೆ ತುಂಬ ಅಕ್ಷರಗಳು ಬಂದವು.

"ಹಂಗಾದ್ರ ನನ್ನ ಮುಹೂರ್ತ?" ಎಂದರು ಮಾಲಕರು, ಸಣ್ಣ ದನಿಯಲ್ಲಿ.

"ಮುಹೂರ್ತ ಚಲೋನ ಇತ್ತ್ರಿ. ಬೀಗರಿಗೆ ಬಸ್ಸು ತಪ್ಪ್ಯದ."

ಮಾಲಕರು ನಕ್ಕರು. ನಕ್ಕ ಮೇಲೆ ಸಿಟ್ಟು ಮಾಡಲು ಅವರಿಗೆ ಬರುತ್ತಿರಲಿಲ್ಲ. "ಕಾರ್ಡ್ ಬಂದ್ರ ನೀನ ಕೂಡಿಸಬೇಕು ನೋಡವಾ" ಎಂದು ಹುಡುಗಿಗೆ ಹೇಳಿ ಹೊರಗೆ ಹೋದರು. ಅವಳು ಚೀಲವನ್ನು ಮತ್ತೆ ಗೂಟಕ್ಕೆ ಹಾಕಿದಳು.

ಬಸ್ ನಿಲ್ದಾಣದ ದಾರಿಯಲ್ಲಿ ನಾನು ತಕರಾರು ತೆಗೆದೆ. ಹಾಕಿಸಿದವರು ಮಾಲಕರೇ, ಅದನ್ನು ಅವರ ಮುಂದೆಯೇ ಹೇಳಬೇಕಿತ್ತು. ಸುದ್ದಿಯಲ್ಲಿ ಯಾರು ಎಂಬುದು ಬೇಕೇ ಬೇಕು ಎಂದೆ.

"ಬೇಕಪ್ಪಾ, ನಿನ್ನ ಪೇಪರಿಗೆ ಬೇಕು. ಆದ್ರ ಮೊದಲ ಅದನ್ನ ಕೇಳಿದ್ರ ಮಂದಿ ಏನಾತು ಅನ್ನೋದು ಮುಚ್ಚಿಡ್ತಾರ. ಆ ಹುಡುಗಿ ಚೀಲ ಹಿಡಿದು ನಿಂತಿದ್ದು ನೋಡಿದೆಲ್ಲೋ?"

ಇದನ್ನು ನಾನು ಇಂದಿಗೂ ಪೂರ್ತಿ ಒಪ್ಪಿಲ್ಲ. ಆ ಕ್ರಮದಿಂದ ಪಾರಾಗಿಹೋದ ತಪ್ಪಿತಸ್ಥರನ್ನೂ ನೋಡಿದ್ದೇನೆ. ಆದರೂ ಅಪಘಾತವಿರಲಿ, ಕಾಲುವೆ ಒಡೆದದ್ದಿರಲಿ, ಸ್ಥಳಕ್ಕೆ ಹೋದಾಗ ನನ್ನ ಮೊದಲ ಪ್ರಶ್ನೆ ಅವರದೇ.

ಆ ದಶಕ ಮುಗಿಯುವ ಮುನ್ನ ಒಂದು ಬೆಳಗ್ಗೆ, ರಾಯಚೂರಿನ ಬಸ್ಸಿಗೆಂದು ಹೊರಟವರು ಮಾನ್ವಿಯ ತಮ್ಮ ಮನೆಯ ಅಂಗಳದಲ್ಲೇ ಕುಸಿದರು. ಅವರ ಅಂತ್ಯಕ್ರಿಯೆ ಮುಗಿಸಿಕೊಂಡು ನಾನು ಕಚೇರಿಗೆ ಬಂದಾಗ ಮರುದಿನದ ಪತ್ರಿಕೆಗೆ ಅವರ ಸುದ್ದಿಯೊಂದೇ ಬಾಕಿಯಿತ್ತು. ಊರು, ವಯಸ್ಸು, ಕಲಿಸಿದ ಶಾಲೆಗಳನ್ನು ಬರೆದೆ. ಮುಂದಿನ ಸಾಲು ಬರೆಯುವುದು, ಹೊಡೆದುಹಾಕುವುದು, ಇದೇ ನಡೆದಿತ್ತು.

ಹುಡುಗಿ ಕಂಪ್ಯೂಟರಿನ ಮುಂದೆ ಕಾಯುತ್ತಿದ್ದಳು. ಕೊನೆಗೆ ಎದ್ದು ನನ್ನ ಮೇಜಿನ ಹತ್ತಿರ ಬಂದಳು.

"ಎಲ್ಲೀತನ ಸರಿ ಬಂದದರೀ ಅಣ್ಣಾರ? ಅಲ್ಲೀತನ ಕೊಡ್ರಿ" ಎಂದಳು.

ನಾನು ಸರಿಯಿದ್ದ ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು ಹಾಳೆಯನ್ನು ಅವಳ ಕೈಗೆ ಕೊಟ್ಟೆ.