ಬೆಳೆದವರೇ ಕುಡಿಯದ ಕಾಫಿ

ಎರಡು ವರ್ಷದ ಹಿಂದೆ, ಕಾಫಿ ಕೊಯ್ಲು ಮುಗಿದ ಸಮಯ. ನಮ್ಮ ಕಡೆಯ ಕಾಫಿಯ ಮಾದರಿಗಳನ್ನು ಆರಿಸಲು ಬೆಂಗಳೂರಿನಿಂದ ಒಬ್ಬ ಉದ್ಯಮಿ ಬರುತ್ತಾರೆಂದು ಸುದ್ದಿ ಬಂತು. ಸ್ವಂತಕ್ಕೆ ಬಟ್ಟೆ ಕಾರ್ಖಾನೆ ನಡೆಸುವವರು. ನಮ್ಮ ಸರಕನ್ನು ಹೊರದೇಶದವರಿಗೆ ಪರಿಚಯಿಸುವ ಕೆಲಸಕ್ಕೆ ಸರ್ಕಾರ ಅವರನ್ನು ಗೌರವ ಪ್ರತಿನಿಧಿಯಾಗಿ ನೇಮಿಸಿತ್ತು. ಅವರ ಪಟ್ಟಿಯಲ್ಲಿದ್ದದ್ದೆಲ್ಲ ದೋಣಿಗಲ್ ಕಡೆಯ ದೊಡ್ಡ ಎಸ್ಟೇಟುಗಳು. ಪಾಳ್ಯದ ನಮ್ಮ ಹೆಂಗಸರ ಸಂಘದ ಹೆಸರೇ ಇರಲಿಲ್ಲ.

ನಾವು ಹನ್ನೊಂದು ಜನ, ಒಬ್ಬೊಬ್ಬರದೂ ಎಕರೆ, ಎರಡೆಕರೆ. ನನಗೆ ಮೈಯೆಲ್ಲ ಉರಿದುಹೋಯಿತು. ತಾಲ್ಲೂಕಿನ ಅಧಿಕಾರಿಗೆ ದಿನಾ ಫೋನು ಮಾಡಿ ತಲೆ ತಿಂದೆ. ಕೊನೆಗೆ ಅವರೇ ಸೋತು, "ಆಯ್ತು ಕಣಮ್ಮ, ದಾರೀಲಿ ನಿಮ್ಮನೆಗೂ ಕರ್ಕೊಂಡು ಬತ್ತೀನಿ. ಅರ್ಧ ಗಂಟೆ ಅಷ್ಟೆ" ಎಂದರು.

ಬಂದರು. ಜಗಲಿಯಲ್ಲಿ ಕೂರಿಸಿ, ನಮ್ಮತ್ತೆ ಮಾಡಿದ ಬೆಲ್ಲದ ಕಾಫಿ ಕೊಟ್ಟೆ. ಆ ಉದ್ಯಮಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ನೀವು ಕಳಿಸಬೇಕು ಅಂತಿರೋದು ಇದೇ ಕಾಫಿನಾ?"

"ಅಯ್ಯೋ, ಇದಲ್ಲ ಸಾರ್! ಇದು ಮನೆ ಬಳಕೇದು. ಒಳ್ಳೇದು ಮೂಟೇಲಿ ಐತೆ."

ನಮ್ಮ ಕಡೆ ಹಾಗೆಯೇ. ಗಿಡದ ಬುಡದಲ್ಲಿ ಉದುರಿದ್ದು, ಒಡೆದದ್ದು, ಕಪ್ಪಾದದ್ದು ಮನೆಗೆ. ಒಳ್ಳೆಯ ಬೀಜವೆಲ್ಲ ವ್ಯಾಪಾರಿಗೆ.

"ಆ ಒಳ್ಳೇದರ ರುಚಿ ಹೇಗಿರುತ್ತೆ?"

"ಗೊತ್ತಿಲ್ಲ ಸಾರ್, ನಾವು ಅದನ್ನ ಕುಡ್ದಿಲ್ಲ" ಎಂದೆ. ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷ, ಒಂದು ದಿನವೂ ಕುಡಿದಿರಲಿಲ್ಲ!

"ನನಗೆ ಬಟ್ಟೆ ಗೊತ್ತಮ್ಮ, ಕಾಫಿ ಗೊತ್ತಿಲ್ಲ. ಹೊರದೇಶದಲ್ಲಿ ನಿಮ್ಮ ಮಾತನ್ನೇ ನಾನು ಹೇಳಬೇಕು. ನೀವೇ ಕುಡಿಯದೇ ಇರೋದನ್ನ ಯಾವ ಬಾಯಲ್ಲಿ ಹೊಗಳಲಿ?" ಮೆತ್ತಗೇ ಹೇಳಿದರು. ಗದರಿಸಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ. ಅಧಿಕಾರಿ, "ಹೊರಡೋಣ್ವಾ ಸಾರ್?" ಎಂದು ಎದ್ದೇಬಿಟ್ಟರು.

"ಕೂತ್ಕೊಳಿ ಸಾರ್. ಅರ್ಧ ಗಂಟೆ ಅಂದಿದ್ರಿ, ಇನ್ನೂ ಆಗಿಲ್ಲ" ಎಂದೆ. ನನ್ನ ದನಿಗೆ ನಾನೇ ಬೆಚ್ಚಿದೆ.

ಮೂಟೆ ಬಿಚ್ಚಿದೆ. ಅತ್ತೆ ಒರಳಲ್ಲಿ ಕುಟ್ಟಿ ಸಿಪ್ಪೆ ಬಿಡಿಸಿದರು, ನಾನು ಮೊರದಲ್ಲಿ ಕೇರಿ ಬಾಣಲೆಗೆ ಸುರಿದೆ. ಗಾಬರಿಯಲ್ಲಿ ಮೊದಲು ಹಾಕಿದ್ದು ಸೀದೇ ಹೋಯಿತು. "ಥೂ, ನನ್ನ ಕೈ ಸೇದೋಗ!" ಎಂದು ಚೆಲ್ಲಿ ಮತ್ತೆ ಹುರಿದೆ. ಅರ್ಧ ಗಂಟೆ ಹೋಗಿ ಮುಕ್ಕಾಲು ಗಂಟೆಯಾಯಿತು. ಅಧಿಕಾರಿ ಗಡಿಯಾರ ನೋಡುತ್ತಿದ್ದರು, ನಾನು ಅತ್ತ ತಿರುಗಲಿಲ್ಲ. ಮಿಕ್ಸಿಯಲ್ಲಿ ಪುಡಿ ಮಾಡಿ, ಹಾಲು ಬೆಲ್ಲ ಏನೂ ಹಾಕದೆ ಕುದಿಸಿ ಸೋಸಿದೆ.

ಲೋಟ ನೀಡಿದರೆ, "ಮೊದಲು ನೀವು" ಎಂದರು ಆ ಉದ್ಯಮಿ. ಕುಡಿದೆ. ಬರೀ ಕಹಿ ಇರುತ್ತದೆ ಎಂದುಕೊಂಡಿದ್ದೆ. ಕಿತ್ತಳೆ ಸಿಪ್ಪೆ ಕಚ್ಚಿದ ಹಾಗೆ ಸಣ್ಣ ಹುಳಿ, ಆಮೇಲೆ ಬಾಯಿ ತುಂಬಾ ಸಿಹಿ. ಹೇಗಿತ್ತೋ ಹಾಗೇ ಹೇಳಿದೆ. ಅದನ್ನು ಅವರು ನನ್ನ ಮಾತಿನಲ್ಲೇ ಬರೆದುಕೊಂಡು, ತಾವೂ ಕುಡಿದು, ಮಾದರಿಗೆಂದು ಒಂದು ಕಿಲೋ ಬೀಜ ಕಟ್ಟಿಸಿಕೊಂಡರು.

"ಕೊಳ್ತಾರೆ ಅಂತ ಮಾತು ಕೊಡಲ್ಲ ತಾಯಿ. ಕುಡಿಸ್ತೀನಿ ಅಂತ ಕೊಡ್ತೀನಿ" ಎಂದರು.

ಮಾತು ಉಳಿಸಿಕೊಂಡರು. ಹೊರದೇಶದ ವ್ಯಾಪಾರಿಯೊಬ್ಬರು ಕುಡಿದು ನೋಡಿ ಇನ್ನೊಂದು ಮಾದರಿ ಕೇಳಿದ್ದಾರೆ. ವ್ಯಾಪಾರ ಇನ್ನೂ ಕುದುರಿಲ್ಲ, ಕುದುರುವವರೆಗೂ ನಾನು ಬಿಡುವವಳಲ್ಲ.

ಅವತ್ತು ಕಾರು ಹೋದ ಮೇಲೆ, ಪಾತ್ರೆಯಲ್ಲಿ ಉಳಿದದ್ದನ್ನು ಅತ್ತೆಗೆ ಬಗ್ಗಿಸಿಕೊಟ್ಟೆ. ಎಪ್ಪತ್ತು ದಾಟಿದವರು, ಆ ಗಿಡಗಳನ್ನು ನೆಟ್ಟವರೇ ಅವರು. ಕುಡಿದು, "ಇದು ನಮ್ದೇನೇ?" ಎಂದು ಕೇಳಿದರು.

ಈಗ ನಮ್ಮ ಹನ್ನೊಂದು ಮನೆಗಳಲ್ಲೂ ಒಳ್ಳೆಯ ಬೀಜ ಮೊದಲು ನಮ್ಮ ಒಲೆಗೆ. ಉಳಿದದ್ದು ಮಾರಾಟಕ್ಕೆ.